ಹೆಪ್ಪುಗಟ್ಟದ ಹಾಲು

“ನಿನ್ನ ಮೊಸರು ತಿಂದೇ ಬಿದ್ದೇವಿ ಅಂತ ಇಪ್ಪತ್ತಮೂರು ಮನಿಯವರು ಹೆಬ್ಬಟ್ಟು ಒತ್ಯಾರ, ನಿಂಬೆವ್ವಾ.”

“ಒತ್ಲಿ ಬಿಡ್ರಿ ಬಾಯಾರ. ಮೂರು ವಾರ ಆತು, ನಾ ಒಂದು ಚರಗಿ ಮೊಸರು ಮಾರಿಲ್ಲ. ಹಾಲು ಹೆಪ್ಪೇ ಹಿಡೀಲಿಲ್ಲಂದ್ರ ಏನ್ ಮಾರಲಿ?”

ಸರಸ್ವತಿಬಾಯಿಯ ಪೆನ್ನು ಅಲ್ಲಿಗೇ ನಿಂತಿತು.

ನಿಂಬರ್ಗಾದಲ್ಲಿ ರಕ್ತಭೇದಿಗೆ ಐದು ಜನ ಸತ್ತಿದ್ದರು; ಆರನೆಯದು ಆಗಬಾರದೆಂದು ಒಂಬತ್ತು ವರ್ಷದ ಶಿವಕಾಂತಾ ಆಳಂದದ ದವಾಖಾನೆಯಲ್ಲಿ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಳು. ಊರಿನವರು ಮಾತ್ರ ಕಾರಣ ಹುಡುಕುವ ಕೆಲಸ ಮುಗಿಸಿ ಕೈ ತೊಳೆದುಕೊಂಡಿದ್ದರು. ಮೊಸರು ಮಾರುವ ವಿಧವೆ ಒಬ್ಬಳು ಸಿಕ್ಕಿದ್ದಳು, ಅವಳ ಗಡಿಗೆಗಳನ್ನು ಒಡೆದಿದ್ದರು, ಅವಳನ್ನೂ ಒಡೆಯುವ ಮೊದಲು ಹವಾಲ್ದಾರ ಬಂದೇನವಾಜ ಬಂದು ಚಾವಡಿಯಲ್ಲಿ ಕೂರಿಸಿದ್ದ.

ತನಿಖೆಗೆ ಬರಬೇಕಿದ್ದ ದೊಡ್ಡ ಸಾಹೇಬರು ಕರಿಮಣ್ಣಿನ ಕೆಸರಿಗೆ ಹೆದರಿ ಕಲಬುರ್ಗಿಯಲ್ಲೇ ಉಳಿದು ಲ್ಯಾಬಿನ ಸರಸ್ವತಿಬಾಯಿಯನ್ನು ಕಳಿಸಿದ್ದರು. ಮೂವತ್ತೊಂದು ವರ್ಷ ಊರವರ ಮಲ ಮೂತ್ರ ಕಫಗಳನ್ನು ಗಾಜಿನಡಿ ಇಟ್ಟು ನೋಡಿದ ಹೆಂಗಸು. ಮನುಷ್ಯರ ಬಗ್ಗೆ ಆಕೆಗೆ ಉಳಿದಿದ್ದ ಗೌರವ ಅಷ್ಟಕ್ಕಷ್ಟೇ. ರೋಗಾಣು ಹೆಬ್ಬಟ್ಟು ಒತ್ತಿ ಸುಳ್ಳು ಹೇಳುವುದಿಲ್ಲವೆಂಬುದೊಂದೇ ಆಕೆಯ ಸಮಾಧಾನ.

“ನೀ ಮಾರದ ಮೊಸರು ಇವರು ಹೆಂಗ ತಿಂದ್ರು?”

“ಅವರನ್ನೇ ಕೇಳ್ರಿ.”

“ಕೇಳೇನಿ. ಬೀಳೋ ಮುಂಚಿನ ಸೋಮವಾರ ಏನು ತಿಂದ್ರಿ ಅಂತ ಮನಿಮನಿಗಿ ಹೋಗಿ ಕೇಳೇನಿ. ಶ್ರಾವಣ ಸೋಮವಾರ, ಉಪವಾಸ ಇದ್ವಿ, ಏನೂ ತಿಂದಿಲ್ಲ ಅಂತಾರ. ಮತ್ತ ಅದೇ ಬಾಯಿಲೆ ನಿಂಬೆವ್ವನ ಮೊಸರು ತಿಂದ್ವಿ ಅಂತಾರ.” ಸರಸ್ವತಿಬಾಯಿ ಪಟ್ಟಿಯನ್ನು ಮಡಚಿ ಚೀಲಕ್ಕೆ ತುರುಕಿದಳು. “ಹಾಲು ಯಾರ ಮನೀದು?”

“ದೌಲತರಾಯ ಗೌಡರದು. ಅವರ ಜರ್ಸಿ ಆಕಳ ಹಾಲೇ ನಾ ಮೊದಲಿಂದ ತರಾಕಿ. ಒಂದಿನ ಹೆಪ್ಪು ಹಾಕಿದೆ, ಮುಂಜಾನಿ ನೋಡ್ತೇನಿ, ಹಾಲು ಹಾಲೇ ಅದ. ಹೆಪ್ಪು ಬದಲ ಮಾಡಿದೆ. ಹುಣಚಿಹಣ್ಣು ಹಾಕಿದೆ. ಗಡಿಗಿ ಸುಟ್ಟು ತೊಳದೆ. ಊಹೂಂ. ಗೌಡರಿಗಿ ಹೇಳಿದ್ರ, ನಿನ್ನ ಗಡಿಗಿಗಿ ದೃಷ್ಟಿ ಆಗ್ಯದ ಅಂದ್ರು.”

ಬಂದೇನವಾಜ ನಕ್ಕ. ಸರಸ್ವತಿಬಾಯಿ ನಗಲಿಲ್ಲ. ಹಾಲನ್ನು ಮೊಸರು ಮಾಡುವುದೂ ಕಣ್ಣಿಗೆ ಕಾಣದ ಒಂದು ಜೀವವೇ. ಅದು ಸತ್ತರೆ ಹಾಲು ಹಾಲಾಗಿಯೇ ಉಳಿಯುತ್ತದೆ. ಅದನ್ನು ಕೊಲ್ಲುವಂಥದ್ದು ಹಾಲಿನಲ್ಲಿ ಏನಿತ್ತು ಎಂಬುದಕ್ಕೆ ದೃಷ್ಟಿ ತೆಗೆಯುವವರನ್ನು ಕರೆಯಬೇಕಾಗಿರಲಿಲ್ಲ. ದನಗಳಿಗೆ ಯಾರೋ ಔಷಧ ಸುರಿದಿದ್ದರು, ಅದು ಕೆಚ್ಚಲಿಗೆ ಇಳಿದಿತ್ತು.

“ಡೇರಿಯವರು ತಗೊಂಡ್ರೇನು ಆ ಹಾಲು?”

“ಎಲ್ಲೀದ್ರಿ. ಅವರೂ ವಾಪಸ್ ಹಚ್ಯಾರ.”

“ಹಂಗಾರ ದಿನಾ ಅಷ್ಟು ಹಾಲು ಏನ್ ಮಾಡ್ತಾನ? ಚೆಲ್ತಾನೇನು?”

ನಿಂಬೆವ್ವ ಕೆನ್ನೆ ಬಡಿದುಕೊಂಡಳು. “ಹಾಲು ಯಾರರ ಚೆಲ್ತಾರೇನ್ರಿ? ಪಾಪ ಹತ್ತೋದಿಲ್ಲೇನು? ಹೆಚ್ಚಿಂದು ಕರುಗೋಳಿಗಿ ಕುಡಸ್ತಾರ. ಸೋಮವಾರಕ್ಕೊಮ್ಮೆ ಒಂದು ಕೊಡ ಈಶ್ವರನ ಗುಡಿಗಿ ಕಳಸ್ತಾರ. ಅಭಿಷೇಕಕ್ಕ.”

ಸರಸ್ವತಿಬಾಯಿಯ ಕಿವಿ ಬಿಸಿಯಾಯಿತು. ನಾಚಿಕೆಯಿಂದ.

ಅಭಿಷೇಕದ ಹಾಲನ್ನು ಕಾಯಿಸುವುದಿಲ್ಲ. ಹಸಿಹಾಲೇ ಆಗಬೇಕು. ಲಿಂಗದ ಮೇಲೆ ಸುರಿದು ಕೆಳಗೆ ಹಿಡಿದು, ಅಂಗೈಗೆ ಒಂದೊಂದು ಉದ್ಧರಣೆ ತೀರ್ಥವೆಂದು ಹಾಕುತ್ತಾರೆ. ಉಪವಾಸವಿದ್ದವರು ಮೊದಲು ಹೋಗಿ ಕೈಯೊಡ್ಡುತ್ತಾರೆ. ಏನು ತಿಂದಿರಿ ಎಂದು ಕೇಳಿದರೆ ಏನೂ ಇಲ್ಲ ಅನ್ನುತ್ತಾರೆ, ಯಾಕೆಂದರೆ ತೀರ್ಥ ಊಟವಲ್ಲ. ಅವರು ಸುಳ್ಳು ಹೇಳಿರಲಿಲ್ಲ. ದಿನಾ ಸಾಲಿಗ್ರಾಮದ ತೀರ್ಥ ಕುಡಿದು ಬೆಳೆದ ಮನೆಯ ಮಗಳಾಗಿ, ಇಪ್ಪತ್ತಮೂರು ಹೊಸ್ತಿಲು ದಾಟಿ ಇಪ್ಪತ್ತಮೂರು ಸಲ ದಡ್ಡ ಪ್ರಶ್ನೆ ಕೇಳಿ ಬಂದವಳು ತಾನೇ. ಬೇರೆಯವರ ಮೇಲಿದ್ದ ತಾತ್ಸಾರದಲ್ಲಿ ಒಂದು ಪಾಲನ್ನು ಆಕೆ ತನಗೂ ಹಂಚಿಕೊಂಡಳು.

“ನೀ ತಗೊಂಡಿಲ್ಲೇನು ತೀರ್ಥ?”

“ನನ್ನ ಪಾಳಿ ಬರೋದ್ರಾಗ ಹಾಲು ಮುಗದಿರ್ತದ್ರಿ. ನಮಗ ಬರೇ ನೀರು.” ನಿಂಬೆವ್ವ ಸೆರಗು ಸರಿಮಾಡಿಕೊಂಡಳು. “ಹಿಂದ ನಿಂತವರಿಗಿ ಎಲ್ಲಾ ಕಾಣ್ತದ ನೋಡ್ರಿ. ಮೊದಲ ತೀರ್ಥ ಗೌಡರಿಗೇ. ಮರ್ಯಾದಿ ಅದು. ಈ ಸಲ ಮೂರೂ ಸೋಮವಾರ ಗೌಡರು ಕೈಯೊಡ್ಡಿದ್ರು ಖರೆ, ಬಾಯಿಗಿ ಒಯ್ಯಲಿಲ್ಲ. ಹಂಗೇ ತಲಿಗಿ ಸವರಿಕೊಂಡ್ರು. ದೊಡ್ಡವರ ಭಕ್ತಿ ಹಿಂಗಿರಬೇಕು ಅಂದುಕೊಂಡೆ ನಾ.”

ಸರಸ್ವತಿಬಾಯಿ ಎದ್ದಳು. “ಬಂದೇನವಾಜ, ಜೀಪು ತಗಿ.”

*

ದೌಲತರಾಯನ ಶೆಡ್ಡು ಊರ ಹೊರಗೆ, ತೊಗರಿ ಹೊಲದ ನಡುವೆ. ನಲವತ್ತು ಆಕಳು, ಮೇಲೆ ತಗಡು, ಬಾಗಿಲಿಗೆ ಮಾವಿನ ತೋರಣ, ಗೋಡೆಗೆ ದೇವರ ಫೋಟೋ. ನೆಲದ ಕಡೆ ಮಾತ್ರ ಯಾರ ಭಕ್ತಿಯೂ ಇಳಿದಿರಲಿಲ್ಲ. ಭೇದಿಯಾದ ಕರುಗಳು ನಿಂತಲ್ಲೇ ಹಾಕಿದ ತೆಳ್ಳನೆಯ ಸಗಣಿಯಲ್ಲಿ ಆಕಳುಗಳು ಮಲಗೆದ್ದು, ಕೆಚ್ಚಲುಗಳೆಲ್ಲ ಅದನ್ನೇ ಬಳಿದುಕೊಂಡಿದ್ದವು.

ಗೌಡ ಹಣೆಗೆ ಮೂರು ಬೆರಳಿನ ವಿಭೂತಿ ಬಡಿದುಕೊಂಡು ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ಐದು ಸಾವಿಗೂ ಹೋಗಿ ಹೂವಿನ ಹಾರ ಹಾಕಿ ಬಂದವನು. ನಿಂಬೆವ್ವನನ್ನು ಊರು ಬಿಡಿಸಬೇಕೆಂದು ಪಂಚರ ಮುಂದೆ ಮೊದಲು ಹೇಳಿದವನೂ ಅವನೇ.

“ಬರ್ರಿ ಬಾಯಾರ. ಇಂಥಾ ಕೆಸರಿನ್ಯಾಗ ಹೆಣ್ಣುಮಗಳನ್ನ ಕಳಿಸ್ಯಾರಲ್ಲ. ಆಫೀಸಿನ್ಯಾಗ ಗಂಡಸರು ಇಲ್ಲೇನು?”

“ಅದಾರ. ಅವರಿಗಿ ಬೂಟು ಹೊಲಸಾಗ್ತಾವಂತ.”

ಚಹಾ ಬಂತು. ಸರಸ್ವತಿಬಾಯಿ ಬಟ್ಟಲನ್ನು ಮುಟ್ಟಲಿಲ್ಲ. ಗೌಡ ತನ್ನ ಬಟ್ಟಲು ಎತ್ತಿ ಸೊರ್ರನೆ ಹೀರಿ, ಉದಾರವಾಗಿ ನಕ್ಕ.

“ಕುಡೀರಿ. ಮನಿ ಎಮ್ಮಿ ಹಾಲು ಅದು, ಹೆದರಬ್ಯಾಡ್ರಿ.”

“ಹಾಲಿಗಿ ಯಾಕ ಹೆದರಬೇಕು ಗೌಡರೇ? ನಾ ಇನ್ನಾ ಹಾಲಿನ ಮಾತೇ ತಗದಿಲ್ಲ.”

ಬಟ್ಟಲು ತಟ್ಟೆಗೆ ತಾಗಿ ಸಣ್ಣ ಸದ್ದಾಯಿತು. ಗೌಡ ಆಕೆಯನ್ನು ಮೊದಲ ಸಲ ಸರಿಯಾಗಿ ನೋಡಿದ. ಬಾಗಿಲಲ್ಲಿದ್ದ ಬಂದೇನವಾಜ ಮೆಲ್ಲಗೆ ಶೆಡ್ಡಿನ ಹಿಂಬದಿಗೆ ಹೋದ.

“ನಲವತ್ತು ಆಕಳ ಕಟ್ಟಿದ ಮನ್ಯಾಗ ಚಹಾಕ್ಕ ಎಮ್ಮಿ ಹಾಲು,” ಅಂದಳು ಸರಸ್ವತಿಬಾಯಿ. “ರುಚಿ ಅಂತ ಹೇಳಬ್ಯಾಡ್ರಿ. ಕರುಗೋಳಿಗಿ ಭೇದಿ ಯಾವಾಗಿಂದ?”

“ದನ ಅಂದಮ್ಯಾಲ ಭೇದಿ ಆಗ್ತಾವ, ನಿಲ್ತಾವ.”

“ಇವು ನಿಂತಿಲ್ಲ. ಯಾರು ನೋಡ್ತಾರ?”

“ದನದ ಡಾಕ್ಟರನ ಕರಸಿದ್ರ ಹಾಲು ಕರೀಬ್ಯಾಡ, ಮಾರಬ್ಯಾಡ ಅಂತ ಪುರಾಣ ಹೇಳ್ತಾನ. ಅಫಜಲಪುರದ ಜಗದೇವಪ್ಪ ಅಂತ ಔಷಧದ ಅಂಗಡ್ಯಾಂವ ಅದಾನ. ಫೋನ್ ಮಾಡಿದ್ರ ಮೋಟರ್‌ಸೈಕಲ್ ಮ್ಯಾಲ ಬಂದು ಸೂಜಿ ಹಾಕಿ ಹೋಗ್ತಾನ. ನಮ್ಮ ಕಡಿ ಅಷ್ಟೇ ಅಲ್ಲ, ಜೇವರ್ಗಿ ಕಡಿ ಶೆಡ್ಡುಗಳಿಗೂ ಅವನೇ.”

“ಹಾಲು ಹೆಪ್ಪು ಹಿಡೀಲಿಲ್ಲಂತ.”

“ಆ ಹೆಂಗಸಿನ ಗಡಿಗಿ ಹೊಲಸು.”

“ಡೇರಿಯವರ ಗಡಿಗಿ ಸೈತ ಹೊಲಸೇನು?”

ಗೌಡ ಮೀಸೆ ಸವರಿಕೊಂಡ. ದುಡ್ಡಿರುವವನಿಗೆ ಸುಳ್ಳು ಸಿಕ್ಕಿಬಿದ್ದಾಗ ಬರುವ ಬೇಸರವಷ್ಟೇ ಅವನ ಮುಖದಲ್ಲಿತ್ತು, ಭಯವಿರಲಿಲ್ಲ. ಸರಸ್ವತಿಬಾಯಿಗೆ ಈ ಮುಖ ಹೊಸದಲ್ಲ. ಕಲಬುರ್ಗಿಯಲ್ಲೂ ಇಂಥ ಮುಖಗಳು ಫೈಲಿನ ಹಿಂದೆ ಕೂತಿರುತ್ತವೆ, ವಿಭೂತಿಯಿಲ್ಲದೆ.

“ನೋಡ್ರಿ ಬಾಯಾರ, ನಾ ಮಾರಿಲ್ಲ. ಮಾರಿದ್ರ ಗುನ್ಹೆ. ದೇವರಿಗಿ ಕೊಟ್ಟೇನಿ. ಹಾಲು ಚೆಲ್ಲಬಾರದು ಅಂತ ನಮ್ಮ ಹಿರೇರು ಹೇಳ್ಯಾರ. ದೇವರಿಗಿ ಕೊಟ್ಟದ್ದು ಯಾವ ಕಾನೂನಿನ್ಯಾಗ ತಪ್ಪು?”

“ಡೇರಿಯವರು ವಾಪಸ್ ಕಳಿಸಿದ ಹಾಲು ಅದು.”

“ದೇವರು ವಾಪಸ್ ಕಳಿಸಲಿಲ್ಲಲ್ಲ.”

ಸರಸ್ವತಿಬಾಯಿ ಚಹಾದ ಬಟ್ಟಲನ್ನು ದೂರ ಸರಿಸಿದಳು. ಸಿಟ್ಟು ಬಂದಾಗ ಆಕೆಯ ದನಿ ಏರುವುದಿಲ್ಲ, ಇಳಿಯುತ್ತದೆ. ಲ್ಯಾಬಿನ ಹುಡುಗಿಯರಿಗೆ ಅದು ಗೊತ್ತು, ಗೌಡನಿಗೆ ಗೊತ್ತಿರಲಿಲ್ಲ.

“ಖರೆ. ಅವ ಹೆಪ್ಪು ಹಾಕಿ ನೋಡೋದಿಲ್ಲ. ಅದಕ್ಕೇ ನೀವು ಅವನನ್ನ ಆರಿಸಿದ್ರಿ. ಒಂದು ಮಾತು ಹೇಳ್ರಿ. ಊರಿನ ಮೊದಲ ತೀರ್ಥ ನಿಮ್ಮ ಕೈಗಿ ಬೀಳ್ತದ. ಮೂರು ಸೋಮವಾರ ಬಿತ್ತು. ಮೂರೂ ಸಲ ನೀವು ಅದನ್ನ ತಲಿಗಿ ಸವರಿಕೊಂಡ್ರಿ. ಯಾಕ ಕುಡೀಲಿಲ್ಲ?”

ಗೌಡನ ಕೈ ತಾನಾಗಿ ನೆತ್ತಿಗೆ ಹೋಗಿ, ಅಲ್ಲೇನೋ ಇನ್ನೂ ಅಂಟಿಕೊಂಡಿದೆಯೇನೋ ಎಂಬಂತೆ ಸವರಿ, ಕೆಳಗಿಳಿಯಿತು.

“ಯಾರು ನೋಡಿದ್ರು?”

“ಹಿಂದ ನಿಂತವರು.”

ಒಂದು ಕರು ಕೆಮ್ಮಿತು. ತಗಡಿನ ಮೇಲೆ ಜಿಟಿಜಿಟಿ ಮಳೆ ಶುರುವಾಯಿತು.

“ಜಗದೇವಪ್ಪ ಹೇಳಿದ್ದ,” ಅಂದ ಗೌಡ ಕೊನೆಗೆ. “ಸೂಜಿ ಹಾಕಿದ ಮ್ಯಾಲ ಹತ್ತು ದಿನ ಹಾಲು ಮನಿಗಿ ಬಳಸಬ್ಯಾಡ್ರಿ ಅಂತ.”

“ಮನಿಗಿ ಬ್ಯಾಡ ಅಂದ. ಊರಿಗಿ?”

“ಊರಿನ ಮಾತು ಬರಲಿಲ್ಲ.”

“ಬರಲಿಲ್ಲ,” ಎಂದು ಸರಸ್ವತಿಬಾಯಿ ಅವನ ಮಾತನ್ನೇ ಮೆಲ್ಲಗೆ ಹೇಳಿದಳು. “ಕೇಳ್ರಿ ಗೌಡರೇ. ಹಾಲಿನೊಳಗಿನ ದವಾ ಒಂದೇ ಆಗಿದ್ರ ಯಾರೂ ಸಾಯ್ತಿರಲಿಲ್ಲ. ಈ ಸಗಣ್ಯಾಗ ಹುಳ ಅದಾವ, ಕಣ್ಣಿಗಿ ಕಾಣೋದಿಲ್ಲ. ನೀವು ಅಳತಿಯಿಲ್ಲದ ದವಾ ಸುರದ್ರಿ. ಸಾಯೋ ಹುಳ ಸತ್ತು, ದವಾಕ್ಕ ಜಗ್ಗಲಾರದವು ಉಳದು ಬೆಳದು, ಕೆಚ್ಚಲಿಂದ ಕೊಡಕ್ಕ, ಕೊಡದಿಂದ ಮಂದಿ ಹೊಟ್ಟಿಗಿ ಹೋಗ್ಯಾವ. ಅದಕ್ಕೇ ಆಳಂದದಾಗ ಯಾವ ದವಾ ಕೊಟ್ರೂ ಅವು ಸಾಯಲಿಲ್ಲ. ನಿಮ್ಮ ಶೆಡ್ಡಿನ್ಯಾಗ ಪಳಗಿದ ಹುಳ ಅವು.”

“ದನದ ರೋಗ ಮನಶ್ಯಾಗ ಹೆಂಗ ಬರ್ತದ?” ಗೌಡ ನಕ್ಕ. “ಓದಿದವರು ಅಂತ ಏನರ ಹೇಳಬ್ಯಾಡ್ರಿ.”

“ನೀವೂ ನಂಬೀರಿ. ನಂಬಿರದಿದ್ರ ಕುಡೀತಿದ್ರಿ.”

ಅಷ್ಟರಲ್ಲಿ ಬಂದೇನವಾಜ ಹಿಂಬದಿಯಿಂದ ಒಂದು ಗೋಣಿಚೀಲ ಎಳೆದು ತಂದು ನೆಲಕ್ಕೆ ಸುರಿದ. “ಹಿಂಡಿ ಚೀಲದ ಹಿಂದ ಇತ್ರಿ ಬಾಯಾರ.” ಖಾಲಿ ಶೀಸೆಗಳು. ಐವತ್ತಕ್ಕೆ ಕಡಿಮೆಯಿಲ್ಲ. ಸರಸ್ವತಿಬಾಯಿ ಸೀರೆ ಎತ್ತಿ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಬೇರೆ ಬೇರೆ ಇಡತೊಡಗಿದಳು.

ಶಿವಕಾಂತಾಳ ಮಲದಿಂದ ಬೆಳೆಸಿದ ರೋಗಾಣುವಿನ ತಟ್ಟೆ ಆಕೆಗೆ ಬಾಯಿಪಾಠ. ಐದು ಔಷಧ ನೆನೆಸಿದ ಐದು ಕಾಗದದ ಬಿಲ್ಲೆ ಇಟ್ಟಿದ್ದಳು. ಔಷಧ ನಾಟಿದರೆ ಬಿಲ್ಲೆಯ ಸುತ್ತ ರೋಗಾಣು ಸತ್ತು ಜಾಗ ಖಾಲಿಯಾಗುತ್ತದೆ. ನಾಲ್ಕು ಬಿಲ್ಲೆಗಳ ಅಂಚಿನವರೆಗೂ ರೋಗಾಣು ನಾಚಿಕೆಯಿಲ್ಲದೆ ಬೆಳೆದಿತ್ತು. ಐದನೆಯದರ ಸುತ್ತ ಮಾತ್ರ ಎಂಟಾಣೆ ನಾಣ್ಯದಷ್ಟು ಖಾಲಿ ಜಾಗವಿತ್ತು. ಆ ಖಾಲಿ ಜಾಗವೇ ಹುಡುಗಿಯ ಆಯುಷ್ಯ. ಅದನ್ನು ನೋಡಿಯೇ ಸೋಮವಾರ ಸಂಜೆ ಆಳಂದದಲ್ಲಿ ಹೊಸ ಸೂಜಿ, ಸಿಪ್ರೋ, ಶುರುವಾಗಿತ್ತು.

ನೆಲದ ಮೇಲೆ ಶೀಸೆಗಳ ನಾಲ್ಕು ಗುಂಪಾದವು. ಅವೇ ನಾಲ್ಕು ಔಷಧಗಳು. ಆಕೆಗೆ ಆಶ್ಚರ್ಯವಾಗಲಿಲ್ಲ.

ಆಮೇಲೆ ಹನ್ನೊಂದು ಶೀಸೆ ಉಳಿದವು. ಚೀಟಿಗಳನ್ನು ಬ್ಲೇಡಿನಿಂದ ಕೆರೆದಿದ್ದರು. ಕೆರೆದವನಿಗೂ ಬೇಸರ ಬಂದಿರಬೇಕು, ಒಂದರ ಮೇಲೆ ಅರ್ಧ ಚೀಟಿ ಉಳಿದಿತ್ತು. ಸರಸ್ವತಿಬಾಯಿ ಕನ್ನಡಕ ಏರಿಸಿ ಓದಿದಳು. ಮತ್ತೊಮ್ಮೆ ಓದಿದಳು. ದನದ ಔಷಧ, ಎನ್ರೋ. ಹೆಸರು ಬೇರೆ, ಆದರೆ ಐದನೆಯ ಬಿಲ್ಲೆಯ ಸಿಪ್ರೋದ ಮನೆತನದ್ದೇ. ಇದಕ್ಕೆ ಜಗ್ಗದ ರೋಗಾಣು ಅದಕ್ಕೂ ಜಗ್ಗುವುದು ಕಷ್ಟ.

“ಇದು ಯಾವಾಗಿಂದ?” ದನಿ ಇನ್ನೂ ಇಳಿದಿತ್ತು.

“ಎರಡನೇ ಸೋಮವಾರ ಆದ ಮ್ಯಾಲ ಸುರು. ಹಳೇ ದವಾ ನಾಟಲಿಲ್ಲ. ಹೊಸಾದು ಬಂದದ, ತಗೋರಿ ಅಂದ ಜಗದೇವಪ್ಪ.”

“ಭೇದಿ ನಿಂತೇನು?”

“ಎರಡು ದಿನ ನಿಂತಿತ್ತು. ಮತ್ತ ಹತ್ಯದ.”

“ಈ ಸೋಮವಾರ ಗುಡಿಗಿ ಹಾಲು ಕಳಿಸಿದ್ರೇನು?”

“ಎರಡು ಕೊಡ,” ಅಂದ ಗೌಡ, ಸ್ವಲ್ಪ ಹೆಮ್ಮೆಯೂ ಸೇರಿದ ದನಿಯಲ್ಲಿ. “ಊರಿನ ರೋಗ ಹೋಗಲಿ ಅಂತ ಈ ಸಲ ದೊಡ್ಡ ಅಭಿಷೇಕ ಇಟ್ಟಿದ್ರು.”

ಸರಸ್ವತಿಬಾಯಿ ಮೊಣಕಾಲು ಒತ್ತಿಕೊಂಡು ಎದ್ದಳು. ಗೊತ್ತಿದ್ದ ಬೈಗುಳಗಳೆಲ್ಲ ಇವನಿಗೆ ಸಣ್ಣವಾಗಿ ಕಂಡವು.

“ಗುಡಿಗಿ ಬೀಗ ಹಾಕಿಸು ಬಂದೇನವಾಜ. ರೋಗ ಹೋಗಲಿ ಅಂತ ಇನ್ನೊಂದು ಕೊಡ ಹೋಗೋದ್ರೊಳಗ. ಆ ನಿಂಬೆವ್ವನ್ನ ಊರ ನಡುವಿನಿಂದ ಕರಕೊಂಡು ಹೋಗಿ ಮನಿಗಿ ಬಿಡು, ಎಲ್ಲಾರೂ ನೋಡಲಿ. ಆಮ್ಯಾಲ ನನ್ನ ಆಳಂದಕ್ಕ ಬಿಟ್ಟು, ನೀ ಅಫಜಲಪುರಕ್ಕ ನಡಿ. ಜಗದೇವಪ್ಪನ ಅಂಗಡಿ ಮುಚ್ಚೋದ್ರಾಗ ಮುಟ್ಟಬೇಕು.”

ಹಿಂದಿನಿಂದ ಗೌಡ ಕೇಳಿದ, “ಚಹಾ?”

“ನಿಮ್ಮ ದೇವರಿಗಿ ಕುಡಸ್ರಿ,” ಅಂದಳು ಆಕೆ.

*

ಆಳಂದ ಮುಟ್ಟಿದಾಗ ಸಂಜೆ ನಾಲ್ಕು. ಡಾಕ್ಟರ್ ಹರಿ ವರಾಂಡದಲ್ಲೇ ಸಿಕ್ಕ. ನೌಕರಿಗೆ ಸೇರಿ ಎರಡು ವರ್ಷವಾಗದ ಹುಡುಗ, ಇನ್ನೂ ರೋಗಿಗಳ ಹೆಸರು ನೆನಪಿಟ್ಟುಕೊಳ್ಳುತ್ತಿದ್ದ. ಡಾಕ್ಟರರ ಪೈಕಿ ಸರಸ್ವತಿಬಾಯಿಗೆ ಹೇಸಿಗೆ ಬಾರದ ಒಂದೆರಡು ಜನರಲ್ಲಿ ಇವನೊಬ್ಬ.

“ಬಾಯಾರ, ಚಲೋ ಸುದ್ದಿ. ಶಿವಕಾಂತಾಗ ಮುಂಜಾನಿ ಜ್ವರ ತೊಂಬತ್ತೊಂಬತ್ತಕ್ಕ ಇಳದದ. ರಕ್ತ ನಿಂತದ. ಗಂಜಿ ಕೇಳಿ ಕುಡದ್ಲು. ನಿಮ್ಮ ಐದನೇ ಬಿಲ್ಲಿ ಕೆಲಸ ಮಾಡ್ತು.”

ಆಕೆ ಕಂಬಕ್ಕೆ ಕೈ ಊರಿದಳು. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದಿದ್ದಳು. ಹುಡುಗಿ ಎರಡನೇ ಸೋಮವಾರದ ತೀರ್ಥ ಕುಡಿದು ಬಿದ್ದವಳು. ಆಗಿನ್ನೂ ಶೆಡ್ಡಿಗೆ ಐದನೆಯ ಔಷಧ ಬಂದಿರಲಿಲ್ಲ, ಅವಳ ಹೊಟ್ಟೆಯ ಹುಳ ಅದಕ್ಕೆ ಪಳಗಿರಲಿಲ್ಲ. ಮೂರನೇ ಸೋಮವಾರ ಅವಳು ಇಲ್ಲಿ ಮಂಚದ ಮೇಲಿದ್ದಳು, ಗುಡಿಯಿಂದ ದೂರ. ಈ ಪಾಪಿಗಳ ಊರಲ್ಲಿ ಒಂದು ಜೀವವಾದರೂ ಉಳಿಯಿತಲ್ಲ ಎಂದು ಆಕೆಗೆ ಖುಷಿಯೇ ಆಯಿತು, ಅದನ್ನು ಮುಚ್ಚಿಕೊಳ್ಳಲೂ ಇಲ್ಲ.

ಮಂಚದ ಪಕ್ಕ ಅಜ್ಜಿ ಗುರಮ್ಮ ನೆಲದ ಮೇಲೆ ಕೂತಿದ್ದಳು. ಮಗನೂ ಸೊಸೆಯೂ ಸತ್ತ ಐವರಲ್ಲಿ ಇಬ್ಬರು. ಈ ಮೊಮ್ಮಗಳೊಬ್ಬಳೇ ಅವಳಿಗೆ ಉಳಿದಿದ್ದು. ಸರಸ್ವತಿಬಾಯಿಯನ್ನು ಕಂಡು ಎದ್ದು ಕೈಮುಗಿದಳು.

“ಆರಾಮ ಆದ್ಲಲ್ಲ ಗುರಮ್ಮಾ. ಸೂಜಿ ನಾಟ್ತು.”

“ಸೂಜಿ ನಿಮ್ಮದು ಖರೆ, ಬಾಯಾರ. ಉಳಿಸಿದವ ನಮ್ಮಪ್ಪ.” ಗುರಮ್ಮ ಬಗ್ಗಿ ಮಂಚದ ಕೆಳಗಿನಿಂದ ಒಂದು ಸ್ಟೀಲಿನ ಗಿಂಡಿ ತೆಗೆದಳು. ಬಾಯಿಗೆ ಬಿಳಿ ಅರಿವೆ ಕಟ್ಟಿತ್ತು, ಮೇಲೊಂದು ಬಿಲ್ವಪತ್ರೆ. “ಸೋಮವಾರ ಮುಂಜಾನಿ ಬಸ್ಸಿಗಿ ಊರಿಗಿ ಹೋಗಿ ದೊಡ್ಡ ಅಭಿಷೇಕದ ತೀರ್ಥ ತಂದೀನಿ. ಮುಂಜಾನಿಗಿ ಒಂದು ಚಮಚ, ಸಂಜಿಗಿ ಒಂದು ಚಮಚ, ಬಾಯಾಗ ಹಾಕಾಕತ್ತೇನಿ.”

ಸರಸ್ವತಿಬಾಯಿಗೆ ವಾರ್ಡಿನ ಸದ್ದೆಲ್ಲ ದೂರ ಸರಿದಂತಾಯಿತು.

“ನಿನ್ನೆ ಕೇಳಿದ್ನಲ್ಲ ನಿನ್ನ. ಹುಡುಗಿಗಿ ತಿನ್ನಾಕ ಕುಡಿಯಾಕ ಏನ್ ಕೊಟ್ಟಿ ಅಂತ.”

“ಗಂಜಿ, ಕಾಸಿದ ನೀರು ಅಂದೆ. ಖರೇನೇ ಹೇಳೇನಿ.” ಗುರಮ್ಮನಿಗೆ ನೋವಾದಂತಿತ್ತು. “ಇದು ಊಟ ಅಲ್ಲಲ್ರಿ, ತೀರ್ಥ.”

ಅವಳು ಅರಿವೆ ಬಿಚ್ಚಿ ಗಿಂಡಿಯನ್ನು ಮುಂದೆ ಹಿಡಿದಳು. “ನೋಡ್ರಿ ಇಲ್ಲಿ. ಸೋಮವಾರದ ಹಸಿಹಾಲು, ಇವತ್ತ ಬುಧವಾರ. ಒಡದಿಲ್ಲ. ಹುಳಿ ಆಗಿಲ್ಲ. ಇಟ್ಟದ್ದು ಇಟ್ಟಂಗೇ ಅದ. ಇದಕ್ಕಿಂತ ಸಾಕ್ಷಿ ಏನ್ ಬೇಕ್ರಿ ನಿಮಗ?”

ಹಾಲು ಬೆಳ್ಳಗೆ, ತೆಳ್ಳಗೆ, ಈಗಷ್ಟೇ ಕರೆದಂತಿತ್ತು. ಸರಸ್ವತಿಬಾಯಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಆಕೆ ಗಿಂಡಿಯನ್ನು ಕಸಿದು ಡಾಕ್ಟರನ ಕೈಗಿತ್ತು, ಮಂಚದತ್ತ ಬಾಗಿದಳು. ಶಿವಕಾಂತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಧ್ಯಾಹ್ನದಿಂದ ನಿದ್ದೆ, ಎಬ್ಬಿಸಬ್ಯಾಡ್ರಿ ಅಂದಳು ಗುರಮ್ಮ.

ಸರಸ್ವತಿಬಾಯಿ ಹುಡುಗಿಯ ಹಣೆಯ ಮೇಲೆ ಅಂಗೈ ಇಟ್ಟಳು. ಮುಂಜಾನೆ ಇಳಿದಿದ್ದ ಜ್ವರ ಮತ್ತೆ ಏರಿ, ಹಣೆ ಕೈ ಸುಡುತ್ತಿತ್ತು.